ಕಿವಿಯಿಂದ ಓದುವ ಲೆಕ್ಕ

ಅಂಕಿಗೆ ತನ್ನದೆಂಬ ಅರ್ಥವಿಲ್ಲ. ಮೂವತ್ತೇಳು ಎಂದೊಡನೆ ಯಾರಿಗೆ ಏನು ತಿಳಿಯಿತು? ಅದು ಒಬ್ಬರ ವಯಸ್ಸಿರಬಹುದು, ಬಸ್ಸಿನ ನಂಬರಿರಬಹುದು, ಅಂತೂ ಇಂತೂ ಪಾಸಾದವನ ಅಂಕವಿರಬಹುದು. ಕೋಷ್ಟಕದಲ್ಲಿ ಕುಳಿತಾಗಲೇ ಅದಕ್ಕೊಂದು ಮನೆ, ಒಂದು ಬೀದಿ ಒದಗುವುದು. ಮೇಲೆ ನೋಡಿದರೆ ‘ಜೂನ್’, ಎಡಕ್ಕೆ ನೋಡಿದರೆ ‘ಹುಬ್ಬಳ್ಳಿ’. ಸರಿ, ಹುಬ್ಬಳ್ಳಿಯಲ್ಲಿ ಜೂನ್ ತಿಂಗಳು ಮೂವತ್ತೇಳು ಲಕ್ಷದ ಮಾರಾಟವಾಯಿತೆಂದು ಗೊತ್ತಾಯಿತು. ಕಣ್ಣು ಮೇಲಕ್ಕೂ ಎಡಕ್ಕೂ ಓಡಿ ಹಿಂದಿರುಗಿದ್ದು ನಮ್ಮ ಗಮನಕ್ಕೇ ಬರುವುದಿಲ್ಲ. ಕಣ್ಣು ಮಾಡುವ ಚಾಕರಿಗಳಲ್ಲಿ ನಾವು ಲೆಕ್ಕಕ್ಕೆ ಹಿಡಿಯದವು ಬಹಳ.

ಈ ಓಡಾಟ ಇಲ್ಲದವರು ಕೋಷ್ಟಕವನ್ನು ಹೇಗೆ ಓದುತ್ತಾರೆ? ಕನ್ನಡ ಮೇಷ್ಟರು ಕೇಳಿಕೊಳ್ಳುವ ಪ್ರಶ್ನೆ ಇದಲ್ಲ. ನಮಗೂ ಕೋಷ್ಟಕಕ್ಕೂ ಇರುವ ಬಾಂಧವ್ಯ ಹಾಜರಿ ಪುಸ್ತಕದ ಆಚೆ ಹೋಗುವುದಿಲ್ಲ. ನನಗೆ ಇದನ್ನು ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಬಿ.ಕಾಂ. ತರಗತಿಯಲ್ಲಿ ನನ್ನ ಕನ್ನಡ ಪಾಠ ಕೇಳಿದವನು. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಈಗ ಬೆಂಗಳೂರಿನಲ್ಲಿ ಪಂಪ್‌ಸೆಟ್ ಮಾರುವ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. ಕಳೆದ ದಸರೆಯ ರಜೆಯಲ್ಲಿ ಮನೆಗೆ ಬಂದವನು, ಕಾಫಿ ಮುಗಿಸಿ, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮಂಡಿಯ ಮೇಲಿಟ್ಟುಕೊಂಡ.

ಅದರಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವುದು ಅದರ ಕೆಲಸ. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ತರುಣ ೨೦೦೬ರಲ್ಲಿ ಅದನ್ನು ಬರೆಯಲು ತೊಡಗಿದ. ಜೇಮ್ಸ್ ಟೆ ಎಂಬ ಗೆಳೆಯ ಕೈಗೂಡಿಸಿದ. ಇಬ್ಬರೂ ಅಂಧರು. ಇಂಥ ತಂತ್ರಾಂಶಕ್ಕೆ ದುಬಾರಿ ಬೆಲೆ ಇದ್ದ ಕಾಲದಲ್ಲಿ ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯುವಂತೆ ಮಾಡಿದರು. ನನ್ನ ಶಿಷ್ಯ ಅದರ ಮಾತಿನ ವೇಗವನ್ನು ಎಷ್ಟು ಹೆಚ್ಚಿಸಿಕೊಂಡಿದ್ದನೆಂದರೆ, ಅಡಿಗೆಮನೆಯಿಂದ ನನ್ನ ಹೆಂಡತಿ ಬಂದು, “ರೇಡಿಯೋ ಕೆಟ್ಟಿತೇನಪ್ಪ?” ಎಂದು ಕೇಳಿದಳು. ಅವನು ನಕ್ಕು, ನಮಗಾಗಿ ವೇಗವನ್ನು ಇಳಿಸಿದ.

ಮೊದಲು ಕಂಪನಿಯ ಹಳೆಯ ಮಾಸಿಕ ವರದಿಯೊಂದನ್ನು ತೆರೆದ. ನನ್ನ ಕಣ್ಣಿಗೆ ಅದು ಸೊಗಸಾಗಿಯೇ ಕಂಡಿತು: ಬಣ್ಣದ ಕಂಬಗಳು, ಏರಿಳಿಯುವ ಗೆರೆ, ಹೋಳಿಗೆಯನ್ನು ಕೊಯ್ದಿಟ್ಟಂತೆ ಒಂದು ವೃತ್ತ. ಯಂತ್ರ ಮಾತ್ರ “ಚಿತ್ರ” ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಯಿತು. ಅವನು ಕೀಲಿ ಒತ್ತಿದ, ಮತ್ತೆ “ಚಿತ್ರ”. ಕೆಳಗಿದ್ದ ಕೋಷ್ಟಕಕ್ಕೆ ಹೋದರೆ ಅದರ ತಲೆಬರಹಗಳನ್ನು ತಲೆಬರಹಗಳೆಂದು ಯಾರೂ ಗುರುತು ಮಾಡಿರಲಿಲ್ಲ. “ಮೂವತ್ತೇಳು, ನಲವತ್ತೊಂದು, ಇಪ್ಪತ್ತೊಂಬತ್ತು” ಎಂದು ಯಂತ್ರ ತಂಬೋಲಾ ಆಟದಲ್ಲಿ ಕೂಗುವಂತೆ ಕೂಗತೊಡಗಿತು. “ಎಲ್ಲವೂ ಕೇಳಿಸುತ್ತದೆ ಸಾರ್, ಯಾವುದೂ ತಿಳಿಯುವುದಿಲ್ಲ” ಎಂದ.

ಆಮೇಲೆ ಈಚಿನ ವರದಿಯನ್ನು ತೆರೆದ. ಅದೇ ಕೋಷ್ಟಕ, ಆದರೆ ಸಾಲಿಗೂ ಅಂಕಣಕ್ಕೂ ಹೆಸರು ಕೊಟ್ಟಿದ್ದರು. “ಹುಬ್ಬಳ್ಳಿ, ಜೂನ್, ಮೂವತ್ತೇಳು” ಎಂದಿತು. ಬಲಕ್ಕೆ ಸರಿದ: “ಜುಲೈ, ನಲವತ್ತೊಂದು.” ಕೆಳಕ್ಕಿಳಿದ: “ಮೈಸೂರು, ಐವತ್ತು.” ಎಲ್ಲಿ ನಿಂತಿದ್ದೇನೆ ಎಂಬುದನ್ನು ಪ್ರತಿ ಹೆಜ್ಜೆಗೂ ಅದೇ ಹೇಳುತ್ತಿತ್ತು.

“ಇದು ಮಗ್ಗಿ ಕಣಯ್ಯ!” ಎಂದೆ. ನಮ್ಮ ಶಾಲೆಗಳಲ್ಲಿ ಸಂಜೆ ಹೊತ್ತು ಇಡೀ ತರಗತಿ ಕೂಗುತ್ತಿದ್ದುದು ಮತ್ತೇನು? ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು. ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಅಚ್ಚಾದಾಗ ಅದು ಕಣ್ಣಿನ ಕೋಷ್ಟಕ. ಬಾಯಿಪಾಠದಲ್ಲಿ ಅದು ಕಿವಿಯ ಕೋಷ್ಟಕವಾಗುತ್ತದೆ. ಪ್ರತಿಯೊಂದು ಉತ್ತರವೂ ತಾನು ಯಾವ ಮಗ್ಗಿಯದು, ಎಷ್ಟನೆಯದು ಎಂದು ಮೊದಲು ಹೇಳಿ ಆಮೇಲೆ ಬರುತ್ತದೆ. ಕೊನೆಯ ಬೆಂಚಿನಲ್ಲಿ ತೂಕಡಿಸಿದ ಹುಡುಗನೂ ನಡುವೆ ಎಚ್ಚೆತ್ತು, ತರಗತಿ ಎಲ್ಲಿದೆಯೆಂದು ತಿಳಿದು, ದನಿಗೂಡಿಸಬಹುದು. ಮಗ್ಗಿ ಕಟ್ಟಿದ ಹಿರಿಯರು ಯಾರೋ, ಅವರಿಗೆ ಗೊತ್ತಿದ್ದ ಗುಟ್ಟನ್ನು ತಂತ್ರಾಂಶದವರು ಮತ್ತೆ ಕಂಡುಕೊಳ್ಳಬೇಕಾಯಿತು.

ಹಾಗೆಂದು ಚಿತ್ರದ ಮೇಲೆ ನನಗೆ ಹಗೆಯಿಲ್ಲ. ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ೧೭೮೬ರಲ್ಲಿ ದೇಶದ ಆಮದು ರಫ್ತುಗಳನ್ನು ಗೆರೆಗಳಲ್ಲೂ ಕಂಬಗಳಲ್ಲೂ ಬರೆದು ತೋರಿಸಿದ. ೧೮೦೧ರಲ್ಲಿ ಕೊಯ್ದ ಹೋಳಿಗೆಯನ್ನೂ ತಂದ. ಬಿಡುವಿಲ್ಲದವರಿಗೆ ಅದೊಂದು ಉಪಕಾರ. ಆದರೆ ಕಂಬದ ಹಿಂದೆ ಅಂಕಿ ಇದ್ದೇ ಇರುತ್ತದಲ್ಲ. ಆ ಹಿಂಬಾಗಿಲಿಗೆ ಬೀಗ ಹಾಕದಿದ್ದರೆ ಸಾಕು. ಪವರ್ ಬಿಐಯಂಥ ವರದಿ ತಯಾರಿಸುವ ತಂತ್ರಾಂಶದಲ್ಲಿ ಆಲ್ಟ್, ಶಿಫ್ಟ್, ಎಫ್ ಹನ್ನೊಂದು ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರ ಕೋಷ್ಟಕವಾಗಿ ತೆರೆದುಕೊಳ್ಳುತ್ತದೆ. ಕೀಲಿ ಒತ್ತುತ್ತ ಹೋದಂತೆ ಯಾವುದು ಮೊದಲು, ಯಾವುದು ಆಮೇಲೆ ಎಂದು ವರದಿ ಮಾಡುವವರು ಕ್ರಮ ಹಾಕಬಹುದು. ಬರಿಯ ಅಲಂಕಾರದ ಗೆರೆಗಳನ್ನು ಆ ಸಾಲಿನಿಂದ ಬಿಡಬಹುದು. ಪ್ರತಿ ಚಿತ್ರಕ್ಕೂ ೨೫೦ ಅಕ್ಷರಗಳೊಳಗೆ ಒಂದು ವಿವರಣೆ ಬರೆದಿಡಲು ಜಾಗವೂ ಉಂಟು.

ಈ ೨೫೦ ಅಕ್ಷರಗಳ ಮಾತು ಬಂದಾಗ ನಾನು ನೆಟ್ಟಗೆ ಕುಳಿತೆ. ಇದು ನನ್ನ ಸೀಮೆ! ‘ಸಂಗ್ರಹಿಸಿ ಬರೆಯಿರಿ’ ಎಂದು ವರ್ಷಾವರ್ಷ ಪ್ರಶ್ನೆ ಕೊಡುವವನು ನಾನು. ‘ಮಾರಾಟದ ನಕ್ಷೆ’ ಎಂದಷ್ಟೇ ಬರೆದರೆ ಮುಚ್ಚಿದ ಬಾಗಿಲಿಗೆ ಬಾಗಿಲೆಂದು ಹೆಸರಿಟ್ಟಂತೆ. ‘ಹುಬ್ಬಳ್ಳಿಯ ಮಾರಾಟ ಜೂನ್‌ನಿಂದ ಏರುತ್ತಿದೆ; ಮೈಸೂರಿನದು ಆಗಸ್ಟಿನಲ್ಲಿ ಕುಸಿದಿದೆ’ ಎಂದರೆ ಬಾಗಿಲು ತೆರೆಯಿತು. ಇದಕ್ಕೆ ಎಂಜಿನಿಯರಿನ ವಿದ್ಯೆ ಬೇಡ. ಕಂಡದ್ದನ್ನು ಎರಡು ನೇರ ವಾಕ್ಯಗಳಲ್ಲಿ ಹೇಳುವ ಸೌಜನ್ಯ ಸಾಕು.

“ಅಲ್ಲಪ್ಪ, ಪಕ್ಕದಲ್ಲಿ ಕುಳಿತವರು ಓದಿ ಹೇಳುವುದಿಲ್ಲವೆ?” ಎಂದು ಕೇಳಿದೆ.

“ಹೇಳುತ್ತಾರೆ ಸಾರ್, ಒಳ್ಳೆಯವರೇ. ಆದರೆ ಅವರಿಗೆ ಮುಖ್ಯವೆಂದು ಕಂಡದ್ದನ್ನು ಹೇಳುತ್ತಾರೆ. ಲೆಕ್ಕ ನೋಡುವವನಿಗೆ ಬೇಕಾದದ್ದು, ಯಾರಿಗೂ ಮುಖ್ಯವೆಂದು ಕಾಣದೇ ಹೋದದ್ದು.”

ಈ ಮಾತಿನ ಹಿಂದೆ ಎರಡು ವರ್ಷದ ನೋವಿತ್ತು. ಸಭೆಯಲ್ಲಿ ಗೋಡೆಯ ಮೇಲೆ ಚಿತ್ರ ಮೂಡಿದ ಅರೆಗಳಿಗೆಯಲ್ಲಿ ಉಳಿದವರು ಅಭಿಪ್ರಾಯ ಹೇಳುತ್ತಿದ್ದರು, ಇವನು ಸುಮ್ಮನಿರುತ್ತಿದ್ದ. ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ? ಆ ಮೌನವನ್ನು ಮೇಲಿನವರು ತಿಳಿವಳಿಕೆಯ ಕೊರತೆಯೆಂದು ಎಣಿಸಿದರು. ಬಡ್ತಿಯ ಮಾತು ಬಂದಾಗ, “ಆ ಜಾಗದಲ್ಲಿ ಎಲ್ಲ ಚಿತ್ರಗಳದೇ ಕೆಲಸ, ನಿಮಗೆ ಕಷ್ಟವಾಗುತ್ತೆ” ಎಂದು ಬಲು ಮರುಕದಿಂದ ಹೇಳಿದರಂತೆ. ಕಷ್ಟ ಅವನ ಕಣ್ಣಿನಲ್ಲಿರಲಿಲ್ಲ, ವರದಿಯಲ್ಲಿತ್ತು. ಒಬ್ಬ ಸಹೋದ್ಯೋಗಿನಿ ಎರಡು ಸಂಜೆ ಕುಳಿತು ತಲೆಬರಹಗಳನ್ನು ಗುರುತಿಸಿ ವಿವರಣೆ ಬರೆದ ಮೇಲೆ ಅದೇ ಮನುಷ್ಯ, ಅದೇ ಲೆಕ್ಕವನ್ನು ಸರಾಗವಾಗಿ ಓದುತ್ತಿದ್ದಾನೆ. ಅಂಥವರ ಬಗ್ಗೆ ಬರೆಯುವಾಗ, ಉಳಿದವರಿಗೆ ಕಾಣದ ದೊಡ್ಡ ತಪ್ಪನ್ನು ಅವರೇ ಹಿಡಿದರೆಂದು ಹೇಳಿ ಮುಗಿಸುವ ವಾಡಿಕೆಯುಂಟು. ಇವನು ಅಂಥದ್ದೇನನ್ನೂ ಹಿಡಿದಿಲ್ಲ. ಏಕೆ ಹಿಡಿಯಬೇಕು? ನಮ್ಮೆಲ್ಲರಂತೆ ಸಾಧಾರಣ ನೌಕರನಾಗಿರುವ ಹಕ್ಕು ಅವನಿಗೂ ಉಂಟು.

ಇದು ಪೂರ್ಣ ದೃಷ್ಟಿಯಿಲ್ಲದವರ ಮಾತು ಮಾತ್ರವಲ್ಲ. ಕೆಂಪು ಹಸಿರುಗಳ ಭೇದ ತಿಳಿಯದವರು, ಅದರಲ್ಲೂ ಗಂಡಸರು, ಎಲ್ಲ ಕಚೇರಿಗಳಲ್ಲೂ ಇದ್ದಾರೆ. ರಸಾಯನ ವಿಜ್ಞಾನಿ ಜಾನ್ ಡಾಲ್ಟನ್ ತನ್ನ ಕಣ್ಣಿನ ಈ ಕೊರತೆಯನ್ನು ೧೭೯೪ರಲ್ಲೇ ವಿದ್ವಾಂಸರ ಮುಂದೆ ವಿವರಿಸಿದ್ದ. ಅಂಥವರಿಗೆ ‘ಕೆಂಪು ಎಂದರೆ ನಷ್ಟ, ಹಸಿರು ಎಂದರೆ ಲಾಭ’ ಎಂಬ ವರದಿ ಎರಡು ಮಸುಕು ಕಂಬಗಳಷ್ಟೆ. ಪಕ್ಕದಲ್ಲಿ ಒಂದು ಬಾಣವೋ ಅಕ್ಷರವೋ ಇದ್ದರೆ ಸಮಸ್ಯೆ ಮುಗಿಯಿತು. ಕೈ ನಡುಗುವವರಿಗೆ ಮೌಸಿನ ಹಂಗಿಲ್ಲದೆ ಕೀಲಿಮಣೆ ಒಂದರಿಂದಲೇ ಕೆಲಸ ಸಾಗಬೇಕು. ಬೂದು ಕಾಗದದ ಮೇಲೆ ಬೂದು ಅಕ್ಷರ ಬರೆಯುವವರನ್ನು ಕಂಡರೆ, ನಲವತ್ತು ದಾಟಿ ಕನ್ನಡಕ ಹುಡುಕುವ ನಮಗೂ ಸಿಟ್ಟು ಬರುತ್ತದೆ.

ನಿಯಮಗಳಿಗೇನೂ ಬರವಿಲ್ಲ. ಜಾಲಪುಟಗಳು ಹೇಗಿದ್ದರೆ ಎಲ್ಲರಿಗೂ ಎಟುಕುತ್ತವೆಂಬ ಅಂತರರಾಷ್ಟ್ರೀಯ ಸೂತ್ರಗಳು ೧೯೯೯ರಿಂದ ಇವೆ. ಅಂಗವಿಕಲರ ಹಕ್ಕುಗಳ ಕಾಯಿದೆ ನಮ್ಮಲ್ಲಿ ೨೦೧೬ರಲ್ಲಿ ಬಂತು. ಎಟುಕುವಂತೆ ಮಾಡುವ ನಿಯಮಗಳು ಬರಿಯ ಸಲಹೆಯಾಗಿರಬಾರದು, ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೪ರ ನವೆಂಬರಿನಲ್ಲಿ ಹೇಳಿತು. ಆದರೂ ಕಾಯಿದೆ ಕಚೇರಿಯ ಬಾಗಿಲವರೆಗೆ ಬರಬಹುದು. ಒಳಗೆ ಶನಿವಾರ ಸಂಜೆ ಬಸ್ಸಿನ ಹೊತ್ತಾಗುತ್ತಿರುವಾಗ ವರದಿ ಮುಗಿಸುತ್ತಿರುವವರು, ಇನ್ನೈದು ನಿಮಿಷ ಕುಳಿತು ಅಂಕಣಗಳಿಗೆ ಹೆಸರಿಟ್ಟು ಹೋಗಬೇಕು.

ಇನ್ನೊಬ್ಬರಿಗೆ ಓದಿ ಹೇಳುವುದು ದಯೆ. ಅದು ದೊಡ್ಡ ಗುಣವೇ. ಆದರೆ ದಯೆಗೆ ರಜೆಯುಂಟು, ಬೇಸರವುಂಟು, ಆತುರವುಂಟು. ಹೆಸರಿಟ್ಟ ಅಂಕಣಕ್ಕೆ ಇವು ಯಾವುವೂ ಇಲ್ಲ. ಎಷ್ಟು ಸಲ ಕೇಳಿದರೂ ಅದು ಬೇಸರಿಸದೆ ಹೇಳುತ್ತದೆ: ಹುಬ್ಬಳ್ಳಿ, ಜೂನ್, ಮೂವತ್ತೇಳು.