ಟ್ರೇಲರ್ ಏರುವ ಸಂಸಾರ

ದಸರೆಯ ಬನ್ನಿ ಕೊಟ್ಟು ತೆಗೆದುಕೊಂಡದ್ದು ಮುಗಿಯಿತೆಂದರೆ ಚಡಚಣ, ಇಂಡಿ ಸೀಮೆಯ ಹಳ್ಳಿ-ತಾಂಡಾಗಳಲ್ಲಿ ಹೊಸ ಲೆಕ್ಕಾಚಾರ ಶುರುವಾಗುತ್ತದೆ. ಟ್ರೇಲರಿನಲ್ಲಿ ಏನು ಹಾಕಬೇಕು, ಏನು ಬಿಡಬೇಕು? ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರದ ಕಡೆ ಗುಳೆ ಹೊರಡುವವರಿಗೆ ಇದು ಐದಾರು ತಿಂಗಳ ಪಯಣ. ಈಗ ಬೀಗ ಬಿದ್ದ ಬಾಗಿಲು ಮತ್ತೆ ತೆರೆಯುವುದು ಹೋಳಿಗೋ ಯುಗಾದಿಗೋ. ಅಲ್ಲಿಯವರೆಗೆ ಗಾಡಿಯಲ್ಲಿ ಒಟ್ಟಿದ್ದಷ್ಟೇ ಮನೆ.

ಒಂದು ಟ್ರೇಲರಿಗೆ ಹಲವು ಸಂಸಾರ. ಪ್ರತಿಯೊಬ್ಬರಿಗೂ ಸಿಗುವುದು ಒಂದು ಮೂಲೆ. ಆ ಮೂಲೆಯನ್ನು ತುಂಬುವುದರಲ್ಲಿ ಹೆಂಗಸರದು ಪಳಗಿದ ಕೈ. ತಳಕ್ಕೆ ಜೋಳದ ಚೀಲ, ಅದರ ಮಗ್ಗುಲಿಗೆ ಕಟ್ಟಿಗೆಯ ಹೊರೆ. ಅಂಚಿಗೆ ಉದ್ದಕ್ಕೆ ಬಿದಿರಿನ ಗಳ, ಹಗ್ಗ. ನಡುವೆ ಬಟ್ಟೆಗಂಟು, ಕೌದಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರದ ಡಬ್ಬಿಗಳು ಒಡೆಯದಂತೆ ಕೌದಿಯ ಮಡಿಕೆಯಲ್ಲಿ. ಹಂಚು, ಪರಾತ, ನೀರಿನ ಕೊಡ, ಕಟಕ ರೊಟ್ಟಿಯ ಬುಟ್ಟಿ ಎಲ್ಲಕ್ಕಿಂತ ಮೇಲೆ. ಇಳಿದ ಕೂಡಲೇ ಬೇಕಾಗುವುದು ಕೊನೆಗೆ ಏರಬೇಕು ಎಂಬುದು ಇಲ್ಲಿನ ಸೂತ್ರ. ತಾಡಪತ್ರಿಯೂ ಮೇಲೆಯೇ ಇರಬೇಕು. ದಾರಿಯಲ್ಲಿ ಅಕಾಲದ ಮಳೆ ಬಂದರೆ ಅದು ಹೊದಿಕೆ, ಗದ್ದೆಯ ಬದಿಗೆ ಇಳಿದರೆ ಗುಡಿಸಲಿನ ಚಾವಣಿ. ಕಬ್ಬಿನ ಸೋಗೆ ಸಿಗುವವರೆಗೆ ಗಳ ನಾಲ್ಕು, ತಾಡಪತ್ರಿ ಒಂದು ಇದ್ದರೆ ಆ ರಾತ್ರಿ ಕಳೆಯಿತು.

ಬೀಸುವ ಕಲ್ಲಿಗೆ ಜಾಗವಿಲ್ಲ. ಇದೇ ಸೀಮೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಪದಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಆ ಪದಗಳಿಗೆ ಜೊತೆಯಾಗಿದ್ದ ಕಲ್ಲು ಈಗ ಮನೆಯ ಮೂಲೆಯಲ್ಲೇ ಉಳಿಯುತ್ತದೆ. ಹಿಟ್ಟಿಗೆ ಗಿರಣಿ ಇದೆ.

ಗಂಡ-ಹೆಂಡತಿ ಸೇರಿದರೆ ಒಂದು ಜೋಡಿ. ಮರಾಠಿ ಸೀಮೆಯಲ್ಲಿ ಆ ಜೋಡಿಗೆ 'ಕೊಯ್ತಾ' ಎಂದೇ ಹೆಸರು. ಕೊಯ್ತಾ ಎಂದರೆ ಕುಡುಗೋಲು. ಮುಂಗಡ ಕೊಡುವ ಮುಕಾದಮನ ಲೆಕ್ಕದಲ್ಲಿ ಎರಡು ಜೀವ ಸೇರಿ ಒಂದು ಕುಡುಗೋಲು. ಕಡಿದ ಕಬ್ಬು ಒಣಗಿದಷ್ಟೂ ತೂಕ, ಸಕ್ಕರೆ ಎರಡೂ ಇಳಿಯುವುದರಿಂದ ಅದು ಬೇಗ ಕಾರ್ಖಾನೆ ಸೇರಬೇಕು. ವಾಹನ ನಡುರಾತ್ರಿ ಬಂದರೂ ಎದ್ದು ಹೊರೆ ಹೇರಬೇಕು. ಗುಡಿಸಲಿನಲ್ಲಿ ಮಲಗಿದ ಕೂಸನ್ನು ಆಗ ನೋಡುವವರು ಯಾರು?

ಈ ಪ್ರಶ್ನೆಗೆ ಉತ್ತರವೂ ಟ್ರೇಲರಿನಲ್ಲೇ ಏರಿರುತ್ತದೆ. ಒಂಬತ್ತು ಹತ್ತು ವರ್ಷದ ಹುಡುಗಿ.

"ಆಯಿ, ನಾ ನಿನ್ನ ಕಡೇನ ಇರತೀನಿ. ಸಾಲಿಗೆ ಹೋಗಬೇಕು" ಎನ್ನುತ್ತಾಳೆ ಅವಳು.

"ನನಗ ಕಣ್ಣು ಕಾಣಂಗಿಲ್ಲ ನನ ಮಗಳ, ನಿನ್ನ ಹ್ಯಾಂಗ ಸಂಭಾಳಸಲಿ? ನಿಮ್ಮವ್ವಗ ಕೂಸಿನ ಕೂಡ ಒಬ್ಬರು ಬೇಕಲ್ಲ" ಎನ್ನುತ್ತಾಳೆ ಮುದುಕಿ.

ಇದರಲ್ಲಿ ಯಾರ ಕಲ್ಲೆದೆಯೂ ಇಲ್ಲ. ಮುಂಗಡ ಖರ್ಚಾಗಿದೆ. ಕೂಸನ್ನು ಬಿಟ್ಟು ತಾಯಿ ಹೋಗಲಾರಳು, ತಾಯಿಯನ್ನು ಬಿಟ್ಟರೆ ಜೋಡಿ ಪೂರ್ತಿಯಾಗದು. ಹಾಗಾಗಿ ಹಂಚು, ಕೊಡಗಳ ಸಾಲಿನಲ್ಲಿ ಹುಡುಗಿಯೂ ಬೇಕಾದ ಸಾಮಾನಾಗಿ ಏರುತ್ತಾಳೆ. ಆ ಗಾಡಿಯಲ್ಲಿ ಅವಳಷ್ಟು ಬೆಲೆ ಬಾಳುವುದು ಇನ್ನೊಂದಿಲ್ಲ. ಅವಳ ಒಂದು ವರ್ಷದ ಪಾಠ ಹೋಗುತ್ತದೆ.

ಇಷ್ಟು ಜಾಣತನದಿಂದ ಒಟ್ಟಿದ ಗಾಡಿಯಲ್ಲಿ ಭಾರವೇ ಇಲ್ಲದ ಕೆಲವು ವಸ್ತುಗಳು ಮಾತ್ರ ಮರೆತುಹೋಗುತ್ತವೆ. ಒಂದು, ಪಡಿತರ ಚೀಟಿ. 2019ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾದ 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳನ್ನೂ ಮುಟ್ಟಿತು. ಊರಿನ ಚೀಟಿಯ ಮೇಲೆ ಮಹಾರಾಷ್ಟ್ರದ ಅಂಗಡಿಯಲ್ಲೂ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಇನ್ನೊಂದು, ಕೂಸಿನ ಲಸಿಕೆ ಬರೆದಿಟ್ಟ ತಾಯಿ ಕಾರ್ಡು. ಮೂರನೆಯದು, ಶಾಲೆಯ ವರ್ಗಾವಣೆ ಪತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗು ಬೇರೆ ರಾಜ್ಯಕ್ಕೆ ಹೋದರೂ ಮುಖ್ಯೋಪಾಧ್ಯಾಯರು ಅದನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹೊರಗಿಡುವಂತಿಲ್ಲ.

ಆದರೆ ಪತ್ರವಿದ್ದರೂ ಅಲ್ಲಿನ ಪಾಠ ಮರಾಠಿಯದು. ಗಡಿಯ ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡ ಶಾಲೆಗಳಿವೆ. ಕಬ್ಬಿನ ಗದ್ದೆಗಳು ಅವನ್ನು ದಾಟಿ ದೂರ ಹೋಗುತ್ತವೆ. ಗದ್ದೆ ಮುಗಿದಂತೆ ಗುಡಿಸಲೂ ಕೀಳುತ್ತದೆ. ಆದ್ದರಿಂದ ಒಳ್ಳೆಯ ದಾರಿ ಹುಡುಗಿ ಊರಲ್ಲೇ ಉಳಿಯುವುದು. ಗುಳೆ ಹೋದವರ ಮಕ್ಕಳಿಗೆ ಆ ತಿಂಗಳುಗಳ ಮಟ್ಟಿಗೆ ಊರಿನಲ್ಲೇ ವಸತಿ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಆದರೆ ಅದು ದೀಪಾವಳಿ ಕಳೆದ ಮೇಲೆ ತೆರೆದರೆ ಉಪಯೋಗವಿಲ್ಲ. ಟ್ರೇಲರ್ ಬಾಗಿಲಿಗೆ ಬರುವ ಮುಂಚೆ ತೆರೆದಿರಬೇಕು. ಅತ್ತ ಗದ್ದೆಯ ಬದಿಯಲ್ಲಿ ಕೂಸು ನೋಡಿಕೊಳ್ಳುವವರೊಬ್ಬರ ಏರ್ಪಾಡೂ ಆಗಬೇಕು. ಇಲ್ಲದಿದ್ದರೆ ತಾಯಿ ಯಾವ ಧೈರ್ಯದ ಮೇಲೆ ಮಗಳನ್ನು ಬಿಟ್ಟು ಹೋದಾಳು?

ಸರಕಿನ ಟ್ರೇಲರಿನಲ್ಲಿ ಜನ ಕೂಡುವುದನ್ನು ಕಾನೂನು ಒಪ್ಪುವುದಿಲ್ಲ. ಎತ್ತರಕ್ಕೆ ಒಟ್ಟಿದ ಹೊರೆಯ ಮೇಲೆ ಮಕ್ಕಳು ಕುಳಿತಾಗ ಒಂದು ತಗ್ಗು, ಒಂದು ತಿರುವು ಸಾಕು. ಹೋಗಲೇಬೇಕಾದವರು ಹಗಲಲ್ಲಿ, ಬಸ್ಸಿನಲ್ಲಿ ಹೋಗಿ ಸಾಮಾನನ್ನಷ್ಟೇ ಟ್ರೇಲರಿಗೆ ಬಿಡುವುದು ಕ್ಷೇಮ. ಬಸ್ಸಿನ ಹಣವನ್ನೂ ಮುಂಗಡದ ಮಾತಿನಲ್ಲೇ ಸೇರಿಸಿ ಕೇಳುವುದು ಜೋಡಿಗಳ ಹಕ್ಕಾಗಬೇಕು.

ಏನನ್ನು ಬಿಟ್ಟು ಹೋಗಬೇಕೆಂದು ಈ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಬೀಸುವ ಕಲ್ಲನ್ನು ಬಿಟ್ಟವರು ಅವರು. ಮಗಳನ್ನು ಶಾಲೆಯಲ್ಲಿ ಬಿಟ್ಟು ಹೋಗುವ ಜಾಗವೊಂದನ್ನು ಊರು ಮಾಡಿಕೊಡಬೇಕು, ಅಷ್ಟೇ.