ಅರ್ಧ ಲೋಟ ಎಣ್ಣೆ

ಮಕ್ಕಳೊಡನೆ ಚಾರ್ಮಾಡಿ ಘಟ್ಟವಿಳಿದು ಧರ್ಮಸ್ಥಳಕ್ಕೆ ಹೋಗಬೇಕೆಂದು ನಿಶ್ಚಯಿಸಿದ್ದೆವು. ಕಾರಿನ ಬ್ರೇಕಿನ ದ್ರವವು ಕಡಮೆಯಾಗಿದ್ದುದನ್ನು ಕಂಡು, ಎಣ್ಣೆಯೆಲ್ಲವೂ ಒಂದೇ ಎಂದು ಬಗೆದು, ಮನೆಯಲ್ಲಿದ್ದ ಇಂಜಿನ್ ಎಣ್ಣೆಯನ್ನೇ ಅರ್ಧ ಲೋಟ ಸುರಿದೆನು. ಡಾಟ್ 3 ದ್ರವವನ್ನೇ ಹಾಕಬೇಕೆಂದು ಮುಚ್ಚಳದ ಮೇಲೆ ಬರೆದಿದ್ದಿತು, ಓದದವನು ನಾನು. ಕೆಲವು ದಿನಗಳಲ್ಲಿ, ಕಾಲು ತೆಗೆದರೂ ಬ್ರೇಕು ಬಿಡಲೊಲ್ಲದಾಯಿತು. ಚಕ್ರಗಳು ಮುಟ್ಟಲಾರದಷ್ಟು ಕಾದವು.

ಗ್ಯಾರೇಜಿನ ಮೆಕ್ಯಾನಿಕನು ಮುಚ್ಚಳವನ್ನು ತೆರೆದನು. ಒಳಗಿನ ರಬ್ಬರು ಉಬ್ಬಿ ಸೊಟ್ಟಗಾಗಿದ್ದಿತು.

“ಸ್ವಾಮಿ, ಬೇರೆ ಎಣ್ಣೆ ಏನಾದರೂ ಹಾಕಿದಿರಾ?”

ಹೆಂಡತಿಯ ಎದುರಿನಲ್ಲಿ, ಇಲ್ಲವೆಂಬ ಮಾತು ನಾಲಗೆಯ ತುದಿಗೆ ಬಂದಿದ್ದಿತು. ಮಕ್ಕಳ ಮುಖ ನೋಡಿ ನಿಜವನ್ನು ನುಡಿದೆನು.

ಬ್ರೇಕಿನ ದ್ರವವು ಗ್ಲೈಕಾಲಿನಿಂದಾದುದು. ಅದಕ್ಕೆಂದು ಮಾಡಿದ ರಬ್ಬರು ಖನಿಜತೈಲವನ್ನು ಹೀರಿ ಉಬ್ಬುವುದು. ಹಾಗೆ ಉಬ್ಬಿದ ರಬ್ಬರು, ದ್ರವವು ಹಿಂದಿರುಗುವ ಸಣ್ಣ ರಂಧ್ರವನ್ನು ಮುಚ್ಚಿಬಿಟ್ಟಿದ್ದಿತು. ದ್ರವವನ್ನು ಮಾತ್ರ ಬದಲಾಯಿಸಿದರೆ ಸಾಲದೆಂದು ಆತನು ಮಾಸ್ಟರ್ ಸಿಲಿಂಡರು, ರಬ್ಬರಿನ ಕೊಳವೆಗಳು, ಚಕ್ರಗಳ ಬಳಿಯ ಸೀಲುಗಳು ಎಲ್ಲವನ್ನೂ ಹೊಸದಾಗಿ ಹಾಕಿ, ಲೋಹದ ಕೊಳವೆಗಳನ್ನು ತೊಳೆದು, ಹೊಸ ದ್ರವವನ್ನು ತುಂಬಿ, ಗಾಳಿಯನ್ನು ಹೊರದೂಡಿದನು.

“ನೀವು ಇಲ್ಲವೆಂದಿದ್ದರೆ ಮುಚ್ಚಳವೊಂದನ್ನೇ ಬದಲಾಯಿಸಿ ಕಳುಹಿಸುತ್ತಿದ್ದೆನೇನೋ” ಎಂದನು.

ಯಾತ್ರೆಯು ಒಂದು ವಾರ ತಡವಾಯಿತು. ಕೈಯಲ್ಲಿದ್ದ ಹಣವೂ ಕರಗಿತು. ಆದರೆ ಘಟ್ಟದ ತಿರುವುಗಳಲ್ಲಿ ಮಕ್ಕಳು ಹಿಂದೆ ಕುಳಿತು ಹಾಡುತ್ತಿದ್ದಾಗ, ಅಂದು ನುಡಿದ ಒಂದು ನಿಜಕ್ಕೆ ಆ ಬೆಲೆಯು ಹೆಚ್ಚೆನಿಸಲಿಲ್ಲ.