ಕಾಲು ಮೇಲಿರಲಿ, ಅಮ್ಮ



ಮಂಗಳೂರಿನಲ್ಲಿ ಅಮ್ಮನ ಮೊಣಕಾಲಿನ ಕೀಲು ಬದಲಾಯಿಸಿದರು. ಮನೆಗೆ ಬಂದ ಮೇಲೆ ನಮ್ಮನ್ನು ಹೆಚ್ಚು ಹೆದರಿಸಿದ್ದು ಹೊಲಿಗೆಯಲ್ಲ, ಊತ. ತೊಡೆಯಿಂದ ಪಾದದವರೆಗೆ ಕಾಲು ದಪ್ಪವಾಗಿತ್ತು. ಇದು ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಅವರು ಹೇಳಿಕೊಟ್ಟ ಕೆಲಸಗಳು ಸುಲಭದವು. ಮಲಗಿದಾಗ ಕಾಲು ಎದೆಗಿಂತ ಮೇಲಿರಬೇಕು. ದಿಂಬು ಹಿಮ್ಮಡಿ, ಮೀನಖಂಡದ ಕೆಳಗೆ ಇರಬೇಕು. ಮೊಣಕಾಲಿನ ಕೆಳಗೆ ಮಾತ್ರ ಇಟ್ಟರೆ ಕಾಲು ಮಡಚಿಕೊಂಡು, ಆಮೇಲೆ ನೇರವಾಗಲು ಕಷ್ಟ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಬೇಕು. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ಮೀನಖಂಡದ ಸ್ನಾಯು ಪಂಪಿನ ಹಾಗೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ವಾಕರ್ ಹಿಡಿದು ಆಗಾಗ ನಾಲ್ಕು ಹೆಜ್ಜೆ ನಡೆಯಬೇಕು.

ಕಷ್ಟವಾದದ್ದು ಭಾನುವಾರ. ಪೂಜೆ ಮುಗಿಸಿ ವಾರ್ಡಿನವರು ಪ್ರೀತಿಯಿಂದ ನೋಡಲು ಬರುತ್ತಿದ್ದರು. ಅಮ್ಮ ಕೂಡಲೇ ಮಂಚದಿಂದ ಇಳಿದು ಕುರ್ಚಿಯಲ್ಲಿ ಕುಳಿತುಬಿಡುತ್ತಿದ್ದರು. "ಬಂದವರ ಎದುರು ಕಾಲು ಚಾಚಿ ಮಲಗುವುದಾ?" ಎನ್ನುವುದು ಅವರ ಮಾತು. ಎರಡು ಗಂಟೆ ಕಾಲು ಇಳಿಬಿಟ್ಟು ಕುಳಿತರೆ, ಸಂಜೆ ಪಾದಕ್ಕೆ ಬೆರಳೊತ್ತಿದಲ್ಲಿ ಗುಳಿ ಬೀಳುತ್ತಿತ್ತು.

ಹನ್ನೆರಡನೆಯ ದಿನ ಮೀನಖಂಡ ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ನೋಯತೊಡಗಿತು. ನೆರೆಮನೆಯ ಅಜ್ಜಿ, "ಬಿಸಿ ಎಣ್ಣೆ ಹಾಕಿ ತಿಕ್ಕಿದರೆ ಇಳಿಯುತ್ತದೆ ಮಗಾ" ಎಂದರು. "ಡಾಕ್ಟರು ತಿಕ್ಕಬಾರದು ಅಂದಿದ್ದಾರೆ ಅಜ್ಜಿ" ಎಂದೆ. ಅಮ್ಮನಿಗೆ ಬೆಳಿಗ್ಗೆ ಹೋದರೆ ಸಾಕು ಎಂದಿತ್ತು. ನಾವು ಆ ರಾತ್ರಿಯೇ ಹೊರಟೆವು. ಸ್ಕ್ಯಾನಿನಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಮೂರು ತಿಂಗಳು ಔಷಧ ಕೊಟ್ಟರು. ಈಗ ಅಮ್ಮ ಚರ್ಚಿನ ಮೆಟ್ಟಿಲು ಹತ್ತುತ್ತಾರೆ.

ಮನೆಯಲ್ಲಿ ಇಂಥ ರೋಗಿ ಇದ್ದರೆ ನೆನಪಿಡಿ: ಕಾಲು ಮೇಲಿಟ್ಟರೂ ಇಳಿಯದೆ ಹೆಚ್ಚುವ ಊತ, ಮೀನಖಂಡದ ನೋವು, ಕೆಂಪು, ಬಿಸಿ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಗಾಯದಿಂದ ಕೀವು ಅಥವಾ ಜ್ವರ ಬಂದರೂ ಹಾಗೆಯೇ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ.

ರೋಗಿಗಳನ್ನು ನೋಡಲು ಹೋಗುವ ನಮಗೂ ಒಂದು ಮಾತು. ಬಾಗಿಲಲ್ಲೇ "ಏಳಬೇಡಿ ಆಂಟಿ, ಕಾಲು ಮೇಲೇ ಇರಲಿ" ಎನ್ನೋಣ. ಹತ್ತು ನಿಮಿಷ ಮಾತಾಡಿ, ಐಸ್ ಬೇಕಾ, ಔಷಧ ತರಬೇಕಾ ಕೇಳಿ ಹೊರಡೋಣ. ಆ ರಾತ್ರಿ ಹನ್ನೊಂದಕ್ಕೆ ನಮ್ಮ ಅಂಗಳಕ್ಕೆ ಜೀಪು ತಂದು ನಿಲ್ಲಿಸಿದವರು ನಮ್ಮ ಯುವಕೂಟದ ಹುಡುಗರೇ.